ಹತ್ತನೇ ಮಂಚದವಳು

ನಮ್ಮೂರಿಗೆ ಆಸ್ಪತ್ರೆ ಬಂದ ವರ್ಷ ಊರಿನಲ್ಲಿ ಯಾರಿಗೂ ಸರಿಯಾಗಿ ಕಾಯಿಲೆಯೇ ಬರಲಿಲ್ಲ. ಅದೇ ಎಲ್ಲರಿಗೂ ದೊಡ್ಡ ತಲೆನೋವಾಯಿತು.

ಜನ ಬರುತ್ತಿರಲಿಲ್ಲ ಅಂತಲ್ಲ. ಬೆರಳು ಕುಯ್ದುಕೊಂಡವರು, ಕಿವಿ ಸೋರುವವರು, ಹೊಟ್ಟೆ ಹಿಡಿದುಕೊಂಡವರು, ಸುಮ್ಮನೆ ಏನು ನಡೀತಿದೆ ನೋಡೋಣ ಅಂತ ಬಂದವರು, ಎಲ್ಲರೂ ಬರುತ್ತಿದ್ದರು. ಔಷಧಿ ಇಸಿದುಕೊಂಡು, ಸಾಲಾಗಿ ಹಾಕಿದ್ದ ಮಂಚಗಳನ್ನು ಓರೆಗಣ್ಣಿನಲ್ಲಿ ನೋಡಿ, ಚಪ್ಪಲಿ ಮೆಟ್ಟಿ ಓಡುತ್ತಿದ್ದರು. ಮಲಗು ಅಂದರೆ ಮಾತ್ರ ಯಾರೂ ತಯಾರಿಲ್ಲ. "ಮಲಗಿದ್ರೆ ಎದ್ದು ಬರೋ ಗ್ಯಾರಂಟಿ ಕೊಡ್ತೀರಾ?" ಎಂದು ನೇರವಾಗಿಯೇ ಕೇಳುತ್ತಿದ್ದರು.

ಆಸ್ಪತ್ರೆ ಎಂದರೆ ಮೊದಲು ಸೋಪಿನ ಗೋದಾಮಾಗಿದ್ದ ಒಂದು ಉದ್ದನೆಯ ಹಾಲ್. ಎಷ್ಟು ಸಲ ಸುಣ್ಣ ಹೊಡೆದರೂ ಗೋಡೆಯಿಂದ ಸೋಪಿನ ವಾಸನೆ ಹೋಗಿರಲಿಲ್ಲ. ಊರಿನವರೇ ಸಮಿತಿ ಕಟ್ಟಿ, ಅವರಿವರ ಕಾಲು ಹಿಡಿದು ಆ ಗೋದಾಮನ್ನು ಬಿಡಿಸಿಕೊಂಡಿದ್ದರು. ಮರದ ಮಿಲ್ಲಿನ ಯಜಮಾನರು ಸಮಿತಿಯ ಅಧ್ಯಕ್ಷರು. ಮಿಲ್ಲಿನಲ್ಲಿ ಉಳಿದ ತುಂಡು ಮರದಲ್ಲೇ ಹತ್ತು ಮಂಚ ಮಾಡಿಸಿ ಹಾಕಿದ್ದರು. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಆರನೆಯದಕ್ಕೆ ಹತ್ತಲು ಸ್ಟೂಲು ಬೇಕು, ಮೂರನೆಯದರಿಂದ ಏಳಲು ಇಬ್ಬರು ಎಬ್ಬಿಸಬೇಕು. ಐದು ಮಂಚ ಗಂಡಸರಿಗೆ, ಐದು ಹೆಂಗಸರಿಗೆ, ಮಧ್ಯೆ ಒಂದು ಬಟ್ಟೆಯ ಪರದೆ. ಹತ್ತನೆಯದು ತೀರಾ ಕೊನೆಯಲ್ಲಿ, ಕಿಟಕಿಯ ಪಕ್ಕ.

ಅಲ್ಲಿದ್ದ ಒಬ್ಬಳೇ ಒಬ್ಬಳು ಕಲಿತ ನರ್ಸು ನಮ್ಮ ದೊಡ್ಡಜ್ಜಿ. ಆಗ ಇಪ್ಪತ್ತಾರು ವರ್ಷ. ಸಿರಿಂಜು ಕುದಿಸುವುದು, ಹಾಸಿಗೆ ಬಟ್ಟೆ ಒಗೆಯುವುದು, ನೆಲ ಒರೆಸುವುದು ಅವಳ ತಂಗಿಯ ಕೆಲಸ. ಆ ತಂಗಿಯೇ ನಮ್ಮ ಅಜ್ಜಿ, ಹದಿನೆಂಟು ವರ್ಷ. ಹದಿನೆಂಟರ ಹುಡುಗಿಯನ್ನು ಅಜ್ಜಿ ಎನ್ನಲು ನನಗೂ ನಗು ಬರುತ್ತದೆ, ಆದರೆ ಬೇರೆ ಏನೆಂದು ಕರೆಯಲಿ? ಅಪ್ಪ ಅಮ್ಮ ಇಲ್ಲದ ಆ ಇಬ್ಬರೂ ಆಸ್ಪತ್ರೆಯ ಹಿಂದಿನ ಕೋಣೆಯಲ್ಲೇ ಇದ್ದರು. ಆಸ್ಪತ್ರೆ ಇದ್ದರೆ ಅವರಿಗೆ ಕೆಲಸ, ಆಸ್ಪತ್ರೆ ಇದ್ದರೆ ಅವರಿಗೆ ಸೂರು.

ಹೀಗಿರುವಾಗ ಸರ್ಕಾರದಿಂದ ಒಂದು ಕಾಗದ ಬಂತು. ಹತ್ತು ಮಂಚದ ಆಸ್ಪತ್ರೆ ನಿಜವಾಗಿಯೂ ಬೇಕೋ ಬೇಡವೋ ಎಂದು ನೋಡಲು ಈ ತಿಂಗಳಲ್ಲಿ ಯಾವ ದಿನವಾದರೂ, ಹೇಳದೆ ಕೇಳದೆ, ಇನ್‌ಸ್ಪೆಕ್ಟರ್ ಬರುತ್ತಾರೆ. ಹತ್ತೂ ಮಂಚದಲ್ಲಿ ರೋಗಿಗಳಿದ್ದರೆ ಮಂಜೂರಾತಿ. ದಿನವೂ ಇರುವ ಡಾಕ್ಟ್ರು, ಔಷಧಿ, ಸಂಬಳ. ಒಂದು ಖಾಲಿ ಇದ್ದರೂ 'ಅಗತ್ಯವಿಲ್ಲ' ಎಂದು ಬರೆದು ಹೋಗುತ್ತಾರೆ, ಗೋದಾಮು ಮತ್ತೆ ಸೋಪಿನ ಪಾಲು.

ಸಮಿತಿಯವರು ಮನೆಮನೆ ಅಲೆದು, ಗೋಗರೆದು, ಒಂಬತ್ತು ಮಂದಿಯನ್ನು ಮಲಗಿಸಿದರು. ಒಂಬತ್ತನೆಯ ಮಂಚಕ್ಕೆ ಕೆಮ್ಮಿನ ಮುದುಕಿಯೊಬ್ಬಳು ಬಂದಳು. ಸೊಸೆಯ ಕಾಟ ತಪ್ಪಿತೆಂದು ಅವಳು ಖುಷಿಯಾಗಿಯೇ ಇದ್ದಳು. ಹತ್ತನೆಯದಕ್ಕೆ ಮಾತ್ರ ಯಾರೂ ಸಿಗಲಿಲ್ಲ.

"ಅದಕ್ಕೇನಂತೆ, ದಿನಕ್ಕೊಬ್ಬರು ಬಂದು ಮಲಗಲಿ. ಬೆಳಿಗ್ಗೆ ಬರೋದು, ಸಂಜೆ ಹೋಗೋದು. ಮುಸುಕು ಹಾಕ್ಕೊಂಡು ನರಳಿದ್ರೆ ಸಾಕು" ಎಂದರು ಅಧ್ಯಕ್ಷರು.

"ಬರೋರು ಡಾಕ್ಟ್ರು, ಸಿನಿಮಾದವರಲ್ಲ" ಎಂದಳು ದೊಡ್ಡಜ್ಜಿ. "ಮೊದಲು ಚಾರ್ಟ್ ನೋಡ್ತಾರೆ. ಆಮೇಲೆ ಮುಖ."

"ಹಾಗಾದ್ರೆ ಒಂದು ಚಾರ್ಟ್ ಬರೀಮ್ಮ. ನಿನಗೇನು ಬರಲ್ವಾ?"

ಬರುತ್ತಿತ್ತು. ಅದೇ ಎಡವಟ್ಟಾಗಿದ್ದು.

ದೊಡ್ಡಜ್ಜಿ ಟ್ರಂಕಿನಿಂದ ತನ್ನ ಹಳೆಯ ಟ್ರೈನಿಂಗ್ ನೋಟ್‌ಬುಕ್ ತೆಗೆದಳು. ಅದರಲ್ಲಿ ಒಂದು ಜ್ವರದ ಚಾರ್ಟ್ ಇತ್ತು. ಟೈಫಾಯ್ಡ್, ಹದಿನೇಳು ದಿನದ್ದು. ಓದುವಾಗ ಪುಸ್ತಕದಲ್ಲಿದ್ದ ಚಿತ್ರ ಚೆನ್ನಾಗಿದೆಯೆಂದು ನೋಡಿ ಬಿಡಿಸಿಕೊಂಡಿದ್ದಳು. ಜ್ವರ ದಿನದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರಿ, ಮೇಲೆ ಅಟ್ಟದಲ್ಲಿ ಅಡ್ಡಾಡಿದ ಹಾಗೆ ಒಂದು ವಾರ ಅಲ್ಲೇ ನಿಂತು, ಹದಿನೇಳನೇ ದಿನ ದಢಕ್ಕನೆ ಕೆಳಗಿಳಿಯುತ್ತಿತ್ತು. ಅಲ್ಲಿಗೆ ಗೆರೆ ಮುಗಿದಿತ್ತು. ಜ್ವರ ಬಿಟ್ಟಿತು, ರೋಗಿ ವಾಸಿಯಾದಳು ಅಂತ ದೊಡ್ಡಜ್ಜಿ ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಹೊಸ ಚಾರ್ಟಿನ ಮೇಲೆ ಹದಿನೇಳು ದಿನದ ಚುಕ್ಕಿಗಳನ್ನೂ ಪೆನ್ಸಿಲ್ಲಿನಲ್ಲಿ ಇಟ್ಟಳು. ದಿನಕ್ಕೊಂದಕ್ಕೆ ಇಂಕು ತುಂಬಿದರಾಯಿತು. ವಯಸ್ಸು ಮೂವತ್ತೆಂಟು ಎಂದು ಬರೆದಳು. ಹೆಸರಿನ ಜಾಗದಲ್ಲಿ ಊರಿನಲ್ಲಿ ಯಾರಿಗೂ ಇಲ್ಲದ ಒಂದು ಹೆಸರು ಬರೆದಳು. ಆ ಹೆಸರನ್ನು ಅಜ್ಜಿ ನನಗೆ ಕೊನೆಯವರೆಗೂ ಹೇಳಲಿಲ್ಲ. ಎಷ್ಟು ಪೀಡಿಸಿದರೂ, "ಬೇಡ ಮಗಾ, ಕರೆದ ಹಾಗಾಗತ್ತೆ" ಎನ್ನುತ್ತಿದ್ದಳು.

ಮೊದಲ ಮೂರು ದಿನ ಮಜವೋ ಮಜ. ಪೋಸ್ಟಾಫೀಸಿನ ಅಂಚೆ ಮೇಡಂ ರಜೆ ಹಾಕಿ ಬಂದು ಮಲಗಿದರು. ಅಧ್ಯಕ್ಷರ ಹೆಂಡತಿ ಬಂದರು. ದರ್ಜಿಯ ಹೆಂಡತಿ, ಊರಿಗೆಲ್ಲ ದರ್ಜಿಯತ್ತೆ, ಬಂದಳು. ಐದು ಮಕ್ಕಳ ತಾಯಿ. ಹಗಲು ಹೊತ್ತು ಬೆನ್ನು ನೆಲಕ್ಕೆ ಹಾಕಿ ಹದಿನಾಲ್ಕು ವರ್ಷವಾಗಿತ್ತಂತೆ. ಸಂಜೆ ಎದ್ದು ಕೂತವಳ ಕಣ್ಣಲ್ಲಿ ನೀರು.

"ಏನಾಯ್ತತ್ತೆ?" ಎಂದು ಅಜ್ಜಿ ಗಾಬರಿಯಾದಳು.

"ಏನೂ ಆಗಲಿಲ್ಲ ಕಣೇ. ಅದಕ್ಕೇ ಅಳು ಬಂತು. ಬೆಳಿಗ್ಗೆಯಿಂದ ಯಾರೂ ನನ್ನನ್ನ ಕರೀಲೇ ಇಲ್ಲ! ನಾಳೆ ಯಾರ ಪಾಳಿ?"

"ಅಂಚೆ ಮೇಡಮ್ದು."

"ಅವರಿಗೆ ಕಾಗದ ಹಂಚೋದಿಲ್ವಾ? ಅವರು ಹಂಚಲಿ, ನಾನು ಮಲಗ್ತೀನಿ."

ಹೀಗೆ ಜಗಳವಾಡಿ ಪಾಳಿ ಗೆದ್ದುಕೊಂಡು ನಾಲ್ಕನೆಯ ದಿನವೂ ಅವಳೇ ಬಂದಳು. ಮಧ್ಯಾಹ್ನ ಅಜ್ಜಿ ನೀರು ಕೊಡಲು ಹೋದಾಗ ಲೋಟಕ್ಕೆ ಕೈ ಚಾಚಿದಳು. ಬೆರಳು ಸೋಕಿತು. ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗಿತ್ತು.

ದೊಡ್ಡಜ್ಜಿ ಬಂದು ಥರ್ಮಾಮೀಟರ್ ಇಟ್ಟಳು. ನೂರ ಎರಡು ಪಾಯಿಂಟ್ ಎರಡು. ಮಂಚದ ಕಾಲಿಗೆ ನೇತು ಹಾಕಿದ್ದ ಚಾರ್ಟನ್ನು ತಿರುಗಿಸಿ ನೋಡಿದಳು. ನಾಲ್ಕನೇ ದಿನದ ಪೆನ್ಸಿಲ್ ಚುಕ್ಕಿ ನೂರ ಎರಡು ಪಾಯಿಂಟ್ ಎರಡರ ಮೇಲೇ ಕೂತಿತ್ತು.

"ಮನೆಗೆ ಹೋಗಿ ಅತ್ತೆ, ನಿಮಗೆ ನಿಜವಾಗ್ಲೂ ಜ್ವರ ಬಂದಿದೆ."

ದರ್ಜಿಯತ್ತೆ ಎದ್ದು, ತೂರಾಡುತ್ತಾ ಬಾಗಿಲು ದಾಟಿದಳು. ಅಂಗಳದಲ್ಲಿ ನೆಟ್ಟಗಾದಳು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಯಾರನ್ನೋ ಕೂಗಿ ಬೈಯುತ್ತಿದ್ದಳು. ದೊಡ್ಡಜ್ಜಿ ಓಡಿಹೋಗಿ ಹಣೆ ಮುಟ್ಟಿ ನೋಡಿದಳು. ತಣ್ಣಗೆ, ಬೆಳಗಿನ ನೀರಿನ ಹಾಗೆ.

ಡಾಕ್ಟ್ರು ಬರುತ್ತಿದ್ದುದು ಮಂಗಳವಾರ, ಶುಕ್ರವಾರ ಮಾತ್ರ, ಪಕ್ಕದ ಊರಿನಿಂದ ಮಧ್ಯಾಹ್ನದ ಬಸ್ಸಿಗೆ. ಬಸ್ಸಿನವನ ಕೈಲಿ ಅವರಿಗೆ ಹೇಳಿ ಕಳಿಸಿದರೆ ನಕ್ಕರಂತೆ. "ಹೊಸ ಕಂಬಳಿ, ಬಿಸಿಲಿನ ಕಿಟಕಿ. ನಾನು ಮಲಗಿದ್ರೂ ನೂರೆರಡು ಬರತ್ತೆ. ಕಿಟಕಿ ಮುಚ್ಚು."

ಕಿಟಕಿ ಮುಚ್ಚಿದರು. ಕಂಬಳಿ ತೆಗೆದರು. ಐದನೆಯ ದಿನ ನೂರ ಮೂರು. ಆರನೆಯ ದಿನ ಅದಕ್ಕಿಂತ ಒಂದು ಗೆರೆ ಮೇಲೆ. ದಿನವೂ ಬೇರೆ ಬೇರೆ ಹೆಂಗಸು, ದಿನವೂ ಅದೇ ಚುಕ್ಕಿ. ಸಂಜೆ ಗೇಟು ದಾಟಿದರೆ ಎಲ್ಲರೂ ಕಲ್ಲುಗುಂಡು.

ಅಂಚೆ ಮೇಡಂ ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ. ಬೀದಿನಾಯಿಗಳೇ ಅವರನ್ನು ಕಂಡರೆ ದಾರಿ ಬಿಡುತ್ತಿದ್ದವು. ಏಳನೆಯ ದಿನ ಅವರು ಮಂಚದಿಂದ ಇಳಿದು, ಸೀರೆ ಸರಿಮಾಡಿಕೊಂಡು, ದೊಡ್ಡಜ್ಜಿಯನ್ನು ಪಕ್ಕಕ್ಕೆ ಕರೆದರು.

"ಸಿಸ್ಟರ್, ನಾನು ಇನ್ನು ಬರಲ್ಲ. ಜ್ವರಕ್ಕಲ್ಲ."

"ಮತ್ತೆ?"

"ಬೆಳಿಗ್ಗೆ ಮಂಚಕ್ಕೆ ಹತ್ತಿದೆ ನೋಡು, ಆಗ ಯಾರೋ ಸರಿದು ಜಾಗ ಬಿಟ್ಟ ಹಾಗಾಯ್ತು. ಬಸ್ಸಲ್ಲಿ ಯಾರಾದ್ರೂ ವಯಸ್ಸಾದವರು ಬಂದ್ರೆ ನಾವು ಕಿಟಕಿ ಕಡೆಗೆ ಸರೀತೀವಲ್ಲ, ಹಾಗೆ. ಪಾಪ, ಮರ್ಯಾದಸ್ಥರು." ಅವರು ಮಂಚದ ಕಡೆ ತಿರುಗಿ ಹೇಳಿದರು, "ಹಾಸಿಗೆ ಆ ಕಡೆ ಬೆಚ್ಚಗಿತ್ತು."

ಆಮೇಲೆ ಬಡಬಡಿಕೆ ಶುರುವಾಯಿತು. ಮಧ್ಯಾಹ್ನ ಎರಡರ ಹೊತ್ತಿಗೆ, ಜ್ವರ ಏರಿದಾಗ, ಮಂಚದಲ್ಲಿ ಯಾರೇ ಇರಲಿ ಒಂದೇ ಮಾತು ಆಡುತ್ತಿದ್ದರು. "ನಮ್ಮನೆ ಬಾಗಿಲು ಹಾಕಿದ್ದೀನಾ ನೋಡ್ರೀ. ಹಾಕ್ದೇ ಬಂದೆ ಅನ್ಸತ್ತೆ." ದರ್ಜಿಯತ್ತೆಯೂ ಹಾಗೇ ಅಂದಳು, ಅಧ್ಯಕ್ಷರ ಹೆಂಡತಿಯೂ ಹಾಗೇ ಅಂದರು. ದರ್ಜಿಯತ್ತೆಯ ಮನೆ ಬಾಗಿಲಿಗೆ ಚಿಲಕವೇ ಇರಲಿಲ್ಲ. ಮಕ್ಕಳು ಜೋಕಾಲಿ ಆಡಿ ಕಿತ್ತಿದ್ದರು. ಎಚ್ಚರವಾದ ಮೇಲೆ ಹೇಳಿದರೆ, "ನಾನಾ? ಯಾವ ಬಾಗಿಲು?" ಎನ್ನುತ್ತಿದ್ದಳು.

ಅಂದಿನಿಂದ ದೊಡ್ಡಜ್ಜಿ ಪ್ರತಿ ಗಂಟೆಗೂ ಹತ್ತನೇ ಮಂಚದವಳ ನಾಡಿ ಹಿಡಿದು ಎಣಿಸಿ, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಡತೊಡಗಿದಳು. ಚಾರ್ಟಿನಲ್ಲಿ ನಾಡಿಯ ಗೆರೆ ಇರಲಿಲ್ಲ. ಓದುವಾಗ ಪುಸ್ತಕದಲ್ಲಿ ಅದು ಕೆಂಪು ಶಾಯಿಯಲ್ಲಿತ್ತು, ಅವಳ ಹತ್ತಿರ ಕೆಂಪು ಪೆನ್ಸಿಲ್ ಇರಲಿಲ್ಲ, ಹಾಗಾಗಿ ಬಿಟ್ಟುಬಿಟ್ಟಿದ್ದಳು.

ಹನ್ನೊಂದನೆಯ ದಿನ ಆ ಚಾರ್ಟನ್ನೇ ಕಿತ್ತು ಒಲೆಗೆ ಹಾಕಿದಳು. ಹೊಸದೊಂದು ಬರೆದಳು: ಕಾಲು ಉಳುಕಿದೆ, ಜ್ವರ ಇಲ್ಲ. ಆವತ್ತು ಮಲಗಿದವಳು ಶಾಲೆಯ ಆಯಾ. ಹನ್ನೆರಡು ಗಂಟೆಗೆ ನೂರ ಮೂರು ಪಾಯಿಂಟ್ ಎಂಟು. ಚಾರ್ಟ್ ಸುಟ್ಟಿತ್ತು, ಸರಿ, ಆದರೆ ಆ ಚುಕ್ಕಿಗಳು ದೊಡ್ಡಜ್ಜಿಗೆ ಬಾಯಿಪಾಠ. ಹನ್ನೊಂದನೆಯ ದಿನದ್ದು ಎಷ್ಟೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸುಮ್ಮನೆ ಕೂತು ಮೊದಲಿನ ಚಾರ್ಟನ್ನೇ ಮತ್ತೆ ಬರೆದಳು. "ಹೆಸರು ಬದಲಾಯಿಸಿದ್ರೆ ಕಾಯಿಲೆ ಬದಲಾಗತ್ತಾ" ಎಂದಳಂತೆ, ತನಗೆ ತಾನೇ.

ಹನ್ನೆರಡನೆಯ ದಿನ ಭಾನುವಾರ. "ಸರ್ಕಾರ ಭಾನುವಾರ ಎದ್ದೇಳಲ್ಲ" ಎಂದು ಅಧ್ಯಕ್ಷರು ಈ ಸಲ ಹೇಳಿದ್ದರಿಂದ ಮಂಚ ಖಾಲಿ ಬಿಟ್ಟರು. ಅಜ್ಜಿ ಹೊಸದಾಗಿ ಒಗೆದ ಹಾಸು ಹಾಸಿ, ಅಂಗೈಯಲ್ಲಿ ಸುಕ್ಕು ತೀಡಿ ಬಂದಳು. ಮಧ್ಯಾಹ್ನ ಹೋಗಿ ನೋಡಿದರೆ ದಿಂಬಿನ ನಡುವೆ ಗುಳಿ ಬಿದ್ದಿತ್ತು. ಮುಟ್ಟಿದರೆ ಬೆವರಿನ ಒದ್ದೆ.

"ಅವಳಿಗೆ ಸ್ವಲ್ಪ ನೀರು ಕೊಡೇ" ಎಂದಳು ಪಕ್ಕದ ಒಂಬತ್ತನೇ ಮಂಚದ ಮುದುಕಿ. "ಬೆಳಿಗ್ಗೆಯಿಂದ ತುಟಿ ಒಣಗಿಸ್ಕೊಂಡು ಬಿದ್ದಿದಾಳೆ. ನಿಮಗೆ ಭಾನುವಾರ, ಅವಳಿಗೆ ಕಾಯಿಲೆ."

"ಯಾರಿಗಜ್ಜಿ? ಅಲ್ಲಿ ಯಾರಿದಾರೆ?"

ಮುದುಕಿ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. "ನನಗೆ ಕೆಮ್ಮು ಕಣೇ, ಕಣ್ಣು ಹೋಗಿಲ್ಲ" ಎಂದು ಮಗ್ಗುಲು ತಿರುಗಿದಳು.

ಅಜ್ಜಿ ಲೋಟಕ್ಕೆ ನೀರು ತುಂಬಿಸಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಹಿಂದೆ ನೋಡದೆ ಓಡಿಬಂದಳು.

ಮಂಗಳವಾರ ದೊಡ್ಡಜ್ಜಿ ಡಾಕ್ಟ್ರಿಗೆ ಒಂದೇ ಒಂದು ಮಾತು ಕೇಳಿದಳು. ಆ ಪಠ್ಯಪುಸ್ತಕ ನಿಮ್ಮ ಹತ್ತಿರ ಇದ್ದರೆ ಮುಂದಿನ ಸಲ ತನ್ನಿ, ನನಗೆ ಆ ಚಿತ್ರ ಇನ್ನೊಮ್ಮೆ ನೋಡಬೇಕು. ಡಾಕ್ಟ್ರು ಈ ಸಲ ನಗಲಿಲ್ಲ. ಅವರೂ ಆವತ್ತು ಮಂಚದಲ್ಲಿದ್ದವಳ ಕೈ ಹಿಡಿದು ನೋಡಿದ್ದರು.

ಅಷ್ಟರಲ್ಲಿ ಊರಿನ ಹೆಂಗಸರೆಲ್ಲ ಬರುವುದು ನಿಲ್ಲಿಸಿದ್ದರು. ಹದಿನಾರನೆಯ ದಿನ ದರ್ಜಿಯತ್ತೆ ಒಬ್ಬಳೇ ಬಂದಳು. ಅದೂ ದೊಡ್ಡಜ್ಜಿಯ ಮುಖ ನೋಡಿ. ಹದಿನೇಳನೆಯ ದಿನ, ಶುಕ್ರವಾರ, ಬೆಳಿಗ್ಗೆ ಅವಳ ಬದಲು ಅವಳ ಗಂಡ ಬಂದು, ಕತ್ತಿಗೆ ಅಳತೆ ಟೇಪು ಸುತ್ತಿಕೊಂಡೇ ಗೇಟಿನ ಹೊರಗೆ ನಿಂತ. ಒಳಗೆ ಕಾಲಿಡಲಿಲ್ಲ.

"ಅವಳು ಬರಲ್ಲ ಸಿಸ್ಟರ್. ನೆನ್ನೆ ಮನೇಲಿ, ನಾನು ಪಕ್ಕ ಕೂತ್ರೆ, 'ಸ್ವಲ್ಪ ಸರೀರಿ, ಅವರಿಗೆ ಜಾಗ ಬಿಡಿ' ಅಂದ್ಲು. ನಮಗೆ ಆಸ್ಪತ್ರೆ ಬೇಡ. ನನಗೆ ಹೆಂಡ್ತಿ ಬೇಕು." ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಹೋದ.

ಅವನು ಹೋದ ಹಿಂದೆಯೇ ಅಧ್ಯಕ್ಷರು ಏದುಸಿರು ಬಿಡುತ್ತಾ ಬಂದರು. ಇನ್‌ಸ್ಪೆಕ್ಟರ್ ಪಕ್ಕದ ಊರಿನಲ್ಲಿದ್ದಾರೆ, ಊಟ ಮುಗಿಸಿ ಇಲ್ಲಿಗೇ ಬರುತ್ತಾರೆ. ಇವತ್ತೇ.

"ಇವತ್ತೊಂದು ದಿನ ಯಾರಾದ್ರೂ, ಯಾರಾದ್ರೂ ಸರಿ" ಎಂದು ಸುತ್ತ ನೋಡಿದರು.

"ನಾನು ಮಲಗ್ತೀನಿ" ಎಂದಳು ಅಜ್ಜಿ.

"ನಿನ್ನ ಕಾಲು ಮುರೀತೀನಿ" ಎಂದಳು ದೊಡ್ಡಜ್ಜಿ.

"ಮುರಿ, ಆಗ ಮಲಗೋಕೆ ಕಾರಣ ಸಿಗತ್ತೆ. ಅಲ್ಲ ಅಕ್ಕಾ, ಚಾರ್ಟ್ ನೀನೇ ನೋಡು. ಇವತ್ತು ಹದಿನೇಳು. ಇವತ್ತು ಜ್ವರ ಇಳಿಯೋ ದಿನ! ಎಲ್ಲರೂ ನೂರ ನಾಲ್ಕು ಅನುಭವಿಸಿ ಹೋದ್ರು, ನನಗೆ ಸಿಗೋದು ವಾಸಿಯಾಗೋದು. ಇಷ್ಟು ಒಳ್ಳೆ ಪಾಳಿ ಬೇರೆ ಯಾರಿಗೆ ಸಿಕ್ಕಿದೆ?"

ದೊಡ್ಡಜ್ಜಿ ಚಾರ್ಟ್ ನೋಡಿದಳು. ಗೆರೆ ಕೆಳಗಿಳಿದಿತ್ತು. ತಂಗಿ ಹೇಳಿದ್ದು ಸರಿ ಅನ್ನಿಸಿತು. ಈ ಆಸ್ಪತ್ರೆ ಹೋದರೆ ತಂಗಿಯನ್ನು ಕಟ್ಟಿಕೊಂಡು ಯಾವ ಊರಿಗೆ ಹೋಗಲಿ ಅಂತಲೂ ಅನ್ನಿಸಿತು. "ಹ್ಞೂಂ" ಎಂದಳು. ಆ ಹ್ಞೂಂ ಅನ್ನು ದೊಡ್ಡಜ್ಜಿ ಸಾಯುವವರೆಗೂ ಕ್ಷಮಿಸಿಕೊಳ್ಳಲಿಲ್ಲ.

ಅಜ್ಜಿ ಮಂಚ ಹತ್ತಿದಳು. ಅಂಚೆ ಮೇಡಂ ಹೇಳಿದ್ದು ಸುಳ್ಳಲ್ಲ. ಬೆನ್ನು ಹಾಸಿಗೆಗೆ ತಾಗುವ ಮೊದಲೇ ಪಕ್ಕದಲ್ಲಿ ಹಾಸು ಮೆಲ್ಲಗೆ ಎಳೆದ ಹಾಗಾಗಿ, ಒಂದು ಮೈ ಅಗಲದ ಜಾಗ ಬಿಡುವಾಯಿತು. ಆದರೆ ಈ ಸಲ ಸರಿದದ್ದು ತುಂಬಾ ನಿಧಾನ. ನೋವಿರುವವರು ಸರಿಯುವ ಹಾಗೆ.

ಹತ್ತು ಗಂಟೆಗೆ ನೂರ ಮೂರು. ಹನ್ನೆರಡಕ್ಕೆ ನೂರು. "ಇಳೀತಾ ಇದೆ!" ಎಂದು ದೊಡ್ಡಜ್ಜಿ ತಿಂಗಳಲ್ಲಿ ಮೊದಲ ಸಲ ನಕ್ಕಳು. ಒಂದು ಗಂಟೆಗೆ ತೊಂಬತ್ತೇಳು. ಆಗ ಅವಳ ನಗು ನಿಂತಿತು. ತಂಗಿಯ ತುಟಿ ಸುಣ್ಣದ ಹಾಗೆ ಬಿಳಿಚಿತ್ತು, ಹಣೆಯಲ್ಲಿ ತಣ್ಣನೆ ಬೆವರು ಹನಿಹನಿಯಾಗಿ ನಿಂತಿತ್ತು. ನಾಡಿ ಎಣಿಸಿದಳು. ನೂರ ಮೂವತ್ತು. ಕೈ ಬಿಡದೆ ಮತ್ತೆ ಎಣಿಸಿದಳು. ನೂರ ನಲವತ್ತು. ದಾರದ ಹಾಗೆ ಸಣ್ಣಗೆ ಓಡುತ್ತಿತ್ತು.

"ಅಕ್ಕಾ, ಬಾಗಿಲು ಹಾಕಿದ್ದೀನಾ?" ಎಂದಳು ಅಜ್ಜಿ. ದನಿ ಅವಳದಾಗಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಡಾಕ್ಟ್ರು ಬಂದರು. ಪುಸ್ತಕ ತಂದಿದ್ದರು. ದೊಡ್ಡಜ್ಜಿ ಅದನ್ನು ಅವರ ಕೈಯಿಂದ ಕಿತ್ತುಕೊಂಡೇ ತೆರೆದಳು. ಅದೇ ಚಿತ್ರ. ಕಪ್ಪು ಗೆರೆ ಜ್ವರದ್ದು. ಅವಳು ಬಿಡಿಸದೆ ಬಿಟ್ಟಿದ್ದ ಕೆಂಪು ಗೆರೆ ನಾಡಿಯದು. ನೋಟ್‌ಬುಕ್ಕಿನ ಹಿಂದಿನ ಹಾಳೆ ಪಕ್ಕಕ್ಕಿಟ್ಟು ನೋಡಿದಳು. ಯಾರೂ ಬರೆಯದ, ಯಾರಿಗೂ ನೆನಪಿಲ್ಲದ ಆ ಕೆಂಪು ಗೆರೆಯ ಮೇಲೆ ಊರಿನ ಹೆಂಗಸರ ನಾಡಿಯೆಲ್ಲ ಒಂದೂ ತಪ್ಪದೆ ಕೂತಿತ್ತು. ಹದಿನೇಳನೆಯ ದಿನ ಕಪ್ಪು ಗೆರೆ ಕೆಳಗೆ ಬೀಳುತ್ತಿತ್ತು, ಕೆಂಪು ಅದನ್ನು ದಾಟಿ ಮೇಲೆ ಹೋಗುತ್ತಿತ್ತು.

ಚಿತ್ರದ ವಿವರ ಮುಂದಿನ ಪುಟದಲ್ಲಿತ್ತು. ಓದುವಾಗ ಅವಳು ಆ ಪುಟ ತಿರುಗಿಸಿರಲಿಲ್ಲ. ಈಗ ತಿರುಗಿಸಿದಳು. 'ಹದಿನೇಳನೆಯ ದಿನ ಕರುಳಿನಲ್ಲಿ ರಕ್ತಸ್ರಾವ. ಜ್ವರ ಇಳಿಯಿತು, ನಾಡಿ ಏರಿತು. ಮೂವತ್ತೆಂಟು ವರ್ಷದ ಈ ರೋಗಿ ಅದೇ ದಿನ ಸಂಜೆ ನಾಲ್ಕಕ್ಕೆ ತೀರಿಕೊಂಡಳು.'

ಗೇಟಿನಲ್ಲಿ ಜೀಪು ನಿಂತ ಸದ್ದಾಯಿತು.

"ಬಂದ್ರು! ಬಂದ್ರು!" ಅಧ್ಯಕ್ಷರು ಹಾಲ್ ತುಂಬ ಓಡಾಡಿದರು. "ಎಲ್ಲರೂ ಮಲಕ್ಕೊಳ್ಳಿ! ಒಂದನೇ ನಂಬರ್, ಬೀಡಿ ಆರಿಸೋ!"

ದೊಡ್ಡಜ್ಜಿ ಹತ್ತನೇ ಮಂಚಕ್ಕೆ ಓಡಿ ತಂಗಿಯ ಕಂಕುಳಿಗೆ ಕೈ ಹಾಕಿದಳು.

"ಏನಮ್ಮಾ ಮಾಡ್ತಿದೀಯ? ಹತ್ತು ನಿಮಿಷ, ಹತ್ತೇ ನಿಮಿಷ ಇರಲಿ! ಕೈಗೆ ಬಂದಿದ್ದು ಬಾಯಿಗೆ ಬರೋ ಹೊತ್ತಲ್ಲಿ..."

"ಹತ್ತು ನಿಮಿಷ ನಿಮ್ಮ ಮಗಳನ್ನ ಮಲಗಿಸಿ, ಹೋಗಿ."

ಅಧ್ಯಕ್ಷರೂ ಮಗಳಿದ್ದವರು. ಅಜ್ಜಿಯ ಕಾಲು ಅವರೇ ಹಿಡಿದುಕೊಂಡರು, ಇಬ್ಬರೂ ಸೇರಿ ಎತ್ತಿ ಹಿಂದಿನ ಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಂದು ಕೂರಿಸಿದರು. ಬಿಸಿಲು ಬಿದ್ದ ಹಾಗೆ ಅಜ್ಜಿಯ ತುಟಿಗೆ ಬಣ್ಣ ಮರಳಿತು. ನಾಡಿ ನೂರು, ತೊಂಬತ್ತು, ಎಂಬತ್ತು. ದೊಡ್ಡಜ್ಜಿ ತಂಗಿಯ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು ಒಂದು ಗಳಿಗೆ ಕೂತಳು. ಆಮೇಲೆ ಎದ್ದು ಏಪ್ರನ್ ಸರಿಮಾಡಿಕೊಂಡಳು.

"ಹೋಗಿ ಹೇಳಿಬಿಡ್ತೀನಿ. ಮಂಚ ಖಾಲಿ, ಚಾರ್ಟ್ ಸುಳ್ಳು, ಬರೆದಿದ್ದು ನಾನು ಅಂತ. ನೀನು ಟ್ರಂಕು ಕಟ್ಟು."

ಅಜ್ಜಿ ಟ್ರಂಕು ಕಟ್ಟಲಿಲ್ಲ. ಗೋಡೆ ಹಿಡಿದುಕೊಂಡು ಅಕ್ಕನ ಹಿಂದೆಯೇ ಹೋದಳು. ಆದ್ದರಿಂದ ಅವಳೂ ನೋಡಿದಳು.

ಇನ್‌ಸ್ಪೆಕ್ಟರ್ ವಯಸ್ಸಾದವರು, ಮೂವತ್ತು ವರ್ಷ ರೋಗಿಗಳನ್ನು ನೋಡಿದ ಡಾಕ್ಟ್ರು. ಒಂಬತ್ತು ಮಂಚ ದಾಟಿ, ಹತ್ತನೆಯದರ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕನ್ನಡಕ ಹಣೆಗೆ ಏರಿಸಿದ್ದರು. ಎಡಗೈಯಲ್ಲಿ ಗಡಿಯಾರ. ಬಲಗೈಯ ಮೂರು ಬೆರಳು ಹಾಸಿಗೆಯಿಂದ ಒಂದು ಗೇಣು ಮೇಲೆ, ಗಾಳಿಯಲ್ಲಿ, ಯಾವುದರ ಮೇಲೋ ಒತ್ತಿ ನಿಂತಿದ್ದವು. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದರು.

ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ, ಒಂಬತ್ತನೇ ಮಂಚದ ಮುದುಕಿ ಕೂಡ.

"ನಾಡಿ ಯಾಕೆ ಬರೆದಿಲ್ಲ ಚಾರ್ಟಿನಲ್ಲಿ?" ಎಂದರು ತಲೆಯೆತ್ತದೆ.

ದೊಡ್ಡಜ್ಜಿ ನೋಟ್‌ಬುಕ್ ಮುಂದೆ ಹಿಡಿದಳು. ಅವರು ಹಿಂದಿನ ಹಾಳೆಯನ್ನು ಕೊನೆಯವರೆಗೂ ಓದಿ, ತಲೆದೂಗಿದರು. "ಗಂಟೆಗಂಟೆಗೂ ನೋಡಿದ್ದೀಯ. ದೊಡ್ಡ ಆಸ್ಪತ್ರೇಲೂ ಹೀಗೆ ನೋಡಲ್ಲ. ನಿನ್ನ ತಪ್ಪಿಲ್ಲಮ್ಮ. ಇದು ಉಳಿಯೋ ಜೀವ ಅಲ್ಲ." ಗಾಳಿಯಲ್ಲಿದ್ದ ಕೈಯನ್ನು ಜೋಪಾನವಾಗಿ ಹಾಸಿಗೆಗೆ ಇಳಿಸಿದರು. ಹಾಸು ಸ್ವಲ್ಪ ಕುಸಿಯಿತು. "ಈಕೆಯ ಮನೆಯವರು ಯಾರು?"

ನಮ್ಮ ಡಾಕ್ಟ್ರು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ತಮ್ಮ ಕಾಲು ನೋಡಿಕೊಂಡರು.

"ಇಷ್ಟು ಜನ ನಿಂತಿದ್ದೀರಿ. ಒಬ್ಬರೂ ಇಲ್ವಾ ಈಕೆಗೆ?"

"ನಾನಿದೀನಿ" ಎಂದಳು ಅಜ್ಜಿ. ಯಾಕೆ ಹಾಗೆಂದಳೋ ಅವಳಿಗೇ ಗೊತ್ತಿಲ್ಲ. ಬೆಳಿಗ್ಗೆ ಅಷ್ಟು ನೋವಿನಲ್ಲೂ ತನಗೆ ಜಾಗ ಬಿಟ್ಟಿದ್ದು ನೆನಪಾಯಿತಂತೆ. "ತಂಗಿ."

"ಬಾ ಮಗಳೇ. ಕೂತ್ಕೋ. ಕೈ ಹಿಡ್ಕೊಂಡಿರು. ಸಂಜೆ ದಾಟಲ್ಲ."

ಹೋಗುವ ಮೊದಲು ಇನ್‌ಸ್ಪೆಕ್ಟರ್ ಡಾಕ್ಟ್ರ ಮೇಜಿನ ಮೇಲೆ ಕಾಗದವಿಟ್ಟು ಸಹಿ ಮಾಡಿದರು. ಹತ್ತು ಮಂಚ, ಹತ್ತು ರೋಗಿಗಳು, ಆಸ್ಪತ್ರೆ ಅತ್ಯಗತ್ಯ. ಜೀಪು ಹೋಯಿತು. ತಿಂಗಳಿಡೀ ಕಾದ ಆ ಕಾಗದವನ್ನು ಅಧ್ಯಕ್ಷರು ಎರಡು ಕೈಯಲ್ಲಿ ಹಿಡಿದು ನಿಂತರು. ಸಂತೋಷಪಡಬೇಕೋ ಬೇಡವೋ ತಿಳಿಯದೆ, ಅದನ್ನು ಮೇಜಿನ ಮೇಲೇ ಬಿಟ್ಟು ಮನೆಗೆ ಹೋದರು. ಡಾಕ್ಟ್ರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಜ್ಜಿ ಕೂತಳು. ಸ್ಟೂಲಿನ ಮೇಲೆ ಕೂತು, ಹಾಸಿನ ಮೇಲೆ ಅಂಗೈ ಮಗುಚಿ ಇಟ್ಟಳು. ಏನನ್ನು ಹಿಡಿದಿದ್ದೆ ಅಂತ ನಾನು ಕೇಳಿದ್ದೇನೆ, ಚಿಕ್ಕವಳಿದ್ದಾಗಲೂ ಕೇಳಿದ್ದೇನೆ, ದೊಡ್ಡವಳಾದ ಮೇಲೂ ಕೇಳಿದ್ದೇನೆ. "ಹಿಡಿದಿದ್ದೆ ಅಷ್ಟೇ. ಮೊದಲು ಬೆಚ್ಚಗಿತ್ತು. ಆಮೇಲೆ ಇರಲಿಲ್ಲ" ಎನ್ನುತ್ತಿದ್ದಳು.

ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಒಂಬತ್ತನೇ ಮಂಚದ ಮುದುಕಿ ಎದ್ದು ಕೂತು, ಪಕ್ಕದ ಮಂಚ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದಳು. ದೊಡ್ಡಜ್ಜಿ ಚಾರ್ಟಿನಲ್ಲಿ ಗಂಟೆ ಬರೆದು, ಕೆಳಗೆ ಗೆರೆ ಎಳೆದಳು. ಆಮೇಲೆ ಬೋಗುಣಿಯಲ್ಲಿ ಬಿಸಿನೀರು, ಎರಡು ಬಟ್ಟೆ, ಒಗೆದ ಬಿಳಿ ಹಾಸು ತಂದು ಮಂಚದ ಪಕ್ಕ ಇಟ್ಟಳು.

"ಅಕ್ಕಾ, ಏನು ಮಾಡ್ತಿದೀಯ?"

"ಕಾಯಿಲೆ ನಾನು ಬರೆದಿದ್ದು. ಹೆಸರೂ ನಾನೇ ಇಟ್ಟಿದ್ದು. ಈ ಕೆಲಸ ಇನ್ಯಾರಿಗೆ ಬಿಡಲಿ?"

ಬಟ್ಟೆ ಅದ್ದಿ ಹಿಂಡಿ, ದಿಂಬಿನ ಗುಳಿಯ ಮೇಲೆ ಒಂದು ಮುಖದಷ್ಟು ಅಗಲದಲ್ಲಿ ಒರೆಸಿದಳು. ಕಣ್ಣಿರುವ ಕಡೆ ಎರಡು ಬೆರಳಿಟ್ಟು ಮೆಲ್ಲಗೆ ಕೆಳಗೆ ಎಳೆದಳು. ಟ್ರೈನಿಂಗಿನಲ್ಲಿ ಕಲಿಸಿದ್ದು ಒಂದನ್ನೂ ಬಿಡಲಿಲ್ಲ.

"ಆ ಕಡೆಗೆ ಹೋಗು. ಕೆಳಗಿನ ಹಾಸು ತೆಗೀಬೇಕು. ಮೂರು ಅಂದಾಗ ನಿನ್ನ ಕಡೆಗೆ ಹೊರಳಿಸ್ಕೋ. ಒಂದು, ಎರಡು..."

ಚಪ್ಪಟೆಯಾಗಿ ಕಾಣುತ್ತಿದ್ದ ಹಾಸಿನ ಮೇಲೆ ಅಜ್ಜಿ ಎರಡೂ ತೋಳು ಚಾಚಿ, ಅಕ್ಕ ಹೇಳಿದಂತೆ ತನ್ನ ಕಡೆಗೆ ಎಳೆದುಕೊಂಡಳು. ಮೊಣಕೈ ಬಾಗಿತು. ಮಂಚ ಕಿರ್ ಎಂದಿತು.

"ಅಕ್ಕಾ, ಭಾರ ಇದಾರೆ."

"ಇರ್ತಾರೆ" ಎಂದಳು ದೊಡ್ಡಜ್ಜಿ. "ಬೆನ್ನಿಗೆ ಕೈ ಕೊಡು. ನಿಧಾನ."